ಮೀನಿನ ಸೆಲ್ ಲೈನ್ ಮಾಡೋದು ಹೇಗೆ: ಬಾಲದ ತುಣುಕಿನಿಂದ ವೈರಸ್ ಟೆಸ್ಟ್ ತನಕ

ಬ್ಯಾಕ್ಟೀರಿಯಾನ ಅಗಾರ್ ಪ್ಲೇಟ್ ಮೇಲೆ ಬೆಳೆಸ್ಬಹುದು, ವೈರಸ್ ಹಾಗಲ್ಲ, ಅದಕ್ಕೆ ಜೀವಂತ ಸೆಲ್ಲೇ ಬೇಕು. ಕೊಳದಲ್ಲಿ ಮೀನು ಸಾಯ್ತಿದೆ, ಪಿಸಿಆರ್ ಪಾಸಿಟಿವ್ ಬಂತು ಅಂದ್ಕೊಳಿ, ಅದರಿಂದ ಗೊತ್ತಾಗೋದು ವೈರಸ್ಸಿನ ಜೀನ್ ಅಲ್ಲಿದೆ ಅನ್ನೋದು ಮಾತ್ರ. ಆ ವೈರಸ್ ಬದುಕಿದ್ಯಾ, ಸೆಲ್ ಒಳಗೆ ಹೋಗಿ ಮರಿ ಹಾಕತ್ತಾ, ಯಾವ ಟೆಂಪರೇಚರಲ್ಲಿ ಜೋರಾಗತ್ತೆ, ನಾಳೆ ಲಸಿಕೆ ಮಾಡ್ಬೇಕು ಅಂದ್ರೆ ಅಷ್ಟು ವೈರಸ್ ಎಲ್ಲಿಂದ ತರೋದು, ಇದಕ್ಕೆಲ್ಲ ಉತ್ತರ ಬೇಕಂದ್ರೆ ಸೆಲ್ ಲೈನ್ ಬೇಕು, ಅಂದ್ರೆ ಒಂದೇ ಮೂಲದಿಂದ ಬಂದು ಲ್ಯಾಬಲ್ಲಿ ಮತ್ತೆ ಮತ್ತೆ ಬೆಳೆಸ್ತಾ ಹೋಗ್ಬಹುದಾದ ಸೆಲ್ಲುಗಳು.

ಒಂದು ಉದಾಹರಣೆ ಹೇಳ್ತೀನಿ. ಸಾಲ್ಮನ್ ಮೀನಿಗೆ ಬರೋ ಇನ್ಫೆಕ್ಷಿಯಸ್ ಸಾಲ್ಮನ್ ಅನೀಮಿಯಾ ನಾರ್ವೆಯಲ್ಲಿ ಕಾಣಿಸ್ಕೊಂಡಿದ್ದು 1984ರಲ್ಲಿ. ವೈರಸ್ಸನ್ನ ಕಲ್ಚರಲ್ಲಿ, ಅಂದ್ರೆ ಲ್ಯಾಬಲ್ಲಿ ಬೆಳೆಸಿದ ಸೆಲ್ಲಲ್ಲಿ, ಬೆಳೆಸಿದ್ದು 1995ರಲ್ಲಿ, ಅದೂ ಸಾಲ್ಮನ್ನಿನ ಹೆಡ್ ಕಿಡ್ನಿಯಿಂದ (ಕಿಡ್ನಿಯ ಮುಂದಿನ ಭಾಗ) ಎಸ್‌ಎಚ್‌ಕೆ-1 ಅನ್ನೋ ಹೊಸ ಸೆಲ್ ಲೈನ್ ಸಿಕ್ಕಿದ್ಮೇಲೆ. ಅಷ್ಟು ವರ್ಷ ರೋಗ ಕಣ್ಮುಂದೇ ಇತ್ತು, ಅದನ್ನ ಬೆಳೆಸೋಕೆ ಸರಿಯಾದ ಸೆಲ್ ಇರ್ಲಿಲ್ಲ. ಇನ್ನು ಕೊಯ್ ಮತ್ತು ಸಾಮಾನ್ಯ ಕಾರ್ಪ್ ಮೀನಿಗೆ ಬರೋ ಕಾರ್ಪ್ ಎಡಿಮಾ ವೈರಸ್ಸಿಗೆ ಭರವಸೆಯಿಂದ ಬಳಸ್ಬಹುದಾದ ಸೆಲ್ ಲೈನ್ ಇವತ್ತಿಗೂ ಇಲ್ಲ. ಹಾಗಾಗಿ ಹೊಸ ಲೈನ್ ಮಾಡೋ ಕೆಲಸ ಹಳೇದಾಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಈ ಬರಹದ ಉದ್ದಕ್ಕೂ ನಾನು ಒಂದು ವಿಷಯ ಮತ್ತೆ ಮತ್ತೆ ಹೇಳ್ತೀನಿ. ಸೆಲ್ ಬೆಳೆಯೋ ಹಾಗೆ ಮಾಡೋದು ಅರ್ಧ ಕೆಲಸ, ಬೆಳೆದಿದ್ದು ನೀವು ಅಂದ್ಕೊಂಡ ಮೀನಿಂದೇ ಅಂತ, ಅದು ಕ್ಲೀನ್ ಆಗಿದೆ ಅಂತ ತೋರ್ಸೋದು ಇನ್ನರ್ಧ. ಎರಡನೇ ಅರ್ಧ ಬಿಟ್ಟಿರೋದ್ರಿಂದಾನೇ ಈ ಫೀಲ್ಡಲ್ಲಿ ದೊಡ್ಡ ದೊಡ್ಡ ಗೊಂದಲ ಆಗಿರೋದು.

ಮೊದಲು ಹುಡುಕಿ, ಆಮೇಲೆ ಶುರು ಮಾಡಿ

ಮೀನಿನ ಮೊದಲ ಸೆಲ್ ಲೈನ್ ಆರ್‌ಟಿಜಿ-2, ರೇನ್‌ಬೋ ಟ್ರೌಟ್ ಮೀನಿನ ಗೊನಾಡಿಂದ (ಸಂತಾನದ ಅಂಗ) ವುಲ್ಫ್ ಮತ್ತು ಕ್ವಿಂಬಿ 1962ರಲ್ಲಿ ವರದಿ ಮಾಡಿದ್ದು. ಅಲ್ಲಿಂದ ಇಲ್ಲಿಗೆ ನೂರಾರು ಲೈನ್ ಬಂದಿವೆ. ನಿಮ್ಮ ವೈರಸ್ಸಿಗೆ ಇರೋದ್ರಲ್ಲೇ ಯಾವ್ದಾದ್ರೂ ಆಗತ್ತಾ ನೋಡಿ. ನರ್ವಸ್ ನೆಕ್ರೋಸಿಸ್ ವೈರಸ್ಸಿಗೆ ಎಸ್‌ಎಸ್‌ಎನ್-1 ಮತ್ತು ಅದರ ಕ್ಲೋನ್ ಇ-11, ಕೊಯ್ ಹರ್ಪಿಸ್ ವೈರಸ್ಸಿಗೆ ಕೆಎಫ್-1 ಮತ್ತು ಸಿಸಿಬಿ, ಸಾಲ್ಮನ್ ಜಾತಿ ವೈರಸ್‌ಗಳಿಗೆ ಸಿಎಚ್‌ಎಸ್‌ಇ-214, ರ‍್ಯಾಬ್ಡೋವೈರಸ್‌ಗಳಿಗೆ ಇಪಿಸಿ, ಟಿಲಾಪಿಯಾ ಲೇಕ್ ವೈರಸ್ಸನ್ನ 2014ರಲ್ಲಿ ವರದಿ ಮಾಡಿದಾಗ ಬೆಳೆಸಿದ್ದೂ ಇ-11ರಲ್ಲೇ. ಎಟಿಸಿಸಿ, ಇಸಿಎಸಿಸಿ ತರದ ಸೆಲ್ ಬ್ಯಾಂಕಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗತ್ತೆ. ಯಾವ್ದೂ ಆಗ್ಲಿಲ್ಲ, ಅಥವಾ ನಿಮ್ಮ ಮೀನಿನ ಜಾತಿಯ ಸೆಲ್ಲಲ್ಲೇ ನೋಡ್ಬೇಕು ಅನ್ನೋ ಕಾರಣ ಇದೆ, ಆಗ ಹೊಸದಕ್ಕೆ ಕೈ ಹಾಕಿ.

ಮೀನು ಮತ್ತು ಅಂಗ

ಮರಿ ಮೀನು ಒಳ್ಳೇದು, ಅದರ ಸೆಲ್ ಚುರುಕಾಗಿ ವಿಭಜನೆ ಆಗತ್ತೆ. ಆರೋಗ್ಯವಾಗಿರ್ಬೇಕು, ಮುಖ್ಯವಾಗಿ ಅದರಲ್ಲಿ ಮೊದಲೇ ವೈರಸ್ ಇರ್ಬಾರ್ದು, ಯಾಕಂದ್ರೆ ಮೀನಲ್ಲಿ ಸುಮ್ನೆ ಕೂತಿದ್ದ ವೈರಸ್ ನಿಮ್ಮ ಫ್ಲಾಸ್ಕಿಗೂ ಬಂದು ಕೂತ್ಕೊಳತ್ತೆ. ಅದೇ ಬ್ಯಾಚಿನ ಬೇರೆ ಮೀನಿಗೆ ಮೊದಲೇ ಪಿಸಿಆರ್ ಮಾಡ್ಸಿ. ಒಂದೆರಡು ದಿನ ಊಟ ಹಾಕ್ದೆ ಶುದ್ಧ ನೀರಲ್ಲಿ ಗಾಳಿ ಬಿಟ್ಟು ಇಡಿ, ಹೊಟ್ಟೆ ಖಾಲಿ ಆದ್ರೆ ಕೊಯ್ಯುವಾಗ ಕರುಳಿನ ಗಲೀಜು ಎಲ್ಲಾ ಕಡೆ ಹರಡೋದು ತಪ್ಪತ್ತೆ. ಪ್ರಾಣಿ ಬಳಕೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಇದಕ್ಕೆ ಮುಂಚೆನೇ ಕೈಲಿರ್ಬೇಕು.

ಯಾವ ಅಂಗ ತಗೋಬೇಕು ಅನ್ನೋದು ವೈರಸ್ ಮೇಲೆ ಹೋಗತ್ತೆ. ನರವ್ಯೂಹಕ್ಕೆ ಹೊಡೆಯೋ ವೈರಸ್ ಆದ್ರೆ ಮೆದುಳು ಮತ್ತು ಕಣ್ಣು, ರಕ್ತ ತಯಾರಾಗೋ ಜಾಗಕ್ಕೆ ಹೊಡೆಯೋದಾದ್ರೆ ಕಿಡ್ನಿ ಮತ್ತು ಸ್ಪ್ಲೀನ್, ಕಿವಿರಿಗೆ ಬರೋದಾದ್ರೆ ಕಿವಿರು. ಕಿವಿರಲ್ಲಿ ಲೋಳೆ ಮತ್ತು ಬ್ಯಾಕ್ಟೀರಿಯಾ ಜಾಸ್ತಿ, ಅದನ್ನ ಮೊದಲ ಪ್ರಯತ್ನಕ್ಕೆ ತಗೋಬೇಡಿ. ಹೊಸಬರಿಗೆ ನಾನು ಹೇಳೋದು ಬಾಲದ ರೆಕ್ಕೆ. ರೆಕ್ಕೆ ಮಾತ್ರ ಆದ್ರೆ ಮೀನು ಕೊಲ್ಲೋ ಅಗತ್ಯ ಇಲ್ಲ, ಚೂರು ಕತ್ತರಿಸಿದ್ರೆ ಮತ್ತೆ ಬೆಳೆಯತ್ತೆ, ಮತ್ತೆ ಬೆಳೆಯೋ ಶಕ್ತಿ ಇರೋದ್ರಿಂದ ಅದರ ಸೆಲ್ ಕಲ್ಚರಲ್ಲೂ ಬೇಗ ಹರಡತ್ತೆ. ಜೊತೆಗೆ ಹೃದಯ ಮತ್ತು ಮೆದುಳಿನ ಫ್ಲಾಸ್ಕೂ ಹಾಕಿ, ಯಾಕಂದ್ರೆ ಒಂದೇ ಮೀನಿನ ನಾಲ್ಕು ಅಂಗ ಹಾಕಿದ್ರೆ ಒಂದು ಮಾತ್ರ ಲೈನ್ ಆಗೋದು ಮಾಮೂಲಿ, ಯಾವುದು ಅಂತ ಮೊದಲೇ ಹೇಳೋಕೆ ಆಗಲ್ಲ.

ಮೀಡಿಯಂ ವಿಷಯ

ಮೀಡಿಯಂ ಅಂದ್ರೆ ಸೆಲ್ ಬೆಳೆಯೋ ಪೋಷಕ ದ್ರವ. ಮೀನಿನ ಸೆಲ್ಲಿಗೆ ಹೆಚ್ಚಿನವರು ಬಳಸೋದು ಲೀಬೊವಿಟ್ಜ್ ಎಲ್-15. ಇದರಲ್ಲಿ ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇದೆ, ಪಿಎಚ್ ಹಿಡಿದಿಡೋದು ಫಾಸ್ಫೇಟ್ ಮತ್ತು ಅಮೈನೋ ಆಸಿಡ್‌ಗಳು, ಬೈಕಾರ್ಬೊನೇಟ್ ಅಲ್ಲ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಡ, ಮುಚ್ಚಳ ಬಿಗಿಯಾಗಿ ಹಾಕಿ ಮಾಮೂಲಿ ಬಿಓಡಿ ಇನ್‌ಕ್ಯುಬೇಟರಲ್ಲಿ ಇಟ್ರೆ ಸಾಕು. ಎಲ್-15 ಫ್ಲಾಸ್ಕನ್ನ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಒಳಗೆ ಮುಚ್ಚಳ ಸಡಿಲ ಮಾಡಿ ಇಟ್ರೆ ಮೀಡಿಯಂ ಹಳದಿಗೆ ತಿರುಗತ್ತೆ, ಅಂದ್ರೆ ಆಸಿಡ್ ಆಗಿದೆ, ಸೆಲ್ ಸಾಯತ್ತೆ. ಸಸ್ತನಿ ಸೆಲ್ ಮಾಡೋ ಲ್ಯಾಬಿಂದ ಬಂದವರಿಗೆ ಇದು ಮೊದಲೇ ಗೊತ್ತಿರ್ಬೇಕು.

ಶುರುವಲ್ಲಿ ಸೀರಮ್ ಅಂದ್ರೆ ಎಫ್‌ಬಿಎಸ್ (ದನದ ಭ್ರೂಣದ ರಕ್ತದ ತಿಳಿ) 20 ಪರ್ಸೆಂಟ್ ಹಾಕಿ, 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ ಇನ್‌ಆಕ್ಟಿವೇಟ್ ಮಾಡಿರೋದು. ಪೆನಿಸಿಲಿನ್ ಮಿಲಿಗೆ 100 ಯೂನಿಟ್, ಸ್ಟ್ರೆಪ್ಟೊಮೈಸಿನ್ 100 ಮೈಕ್ರೋಗ್ರಾಂ, ಆಂಫೊಟೆರಿಸಿನ್ ಬಿ 2.5 ಮೈಕ್ರೋಗ್ರಾಂ. ಸೆಲ್ ಹಠ ಮಾಡ್ತಿದ್ರೆ ಬೇಸಿಕ್ ಫೈಬ್ರೋಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್ ಮಿಲಿಗೆ 10 ನ್ಯಾನೋಗ್ರಾಂ ಹಾಕಿ ನೋಡ್ಬಹುದು, ದುಬಾರಿ ಸಾಮಾನು, ಮೊದಲ ದಿನದಿಂದಲೇ ಬೇಡ. ಸೀರಮ್ ಲಾಟಿಂದ ಲಾಟಿಗೆ ಬೇರೆ ಇರತ್ತೆ, ಎರಡ್ಮೂರು ಲಾಟಿನ ಸ್ಯಾಂಪಲ್ ಟೆಸ್ಟ್ ಮಾಡಿ, ಒಪ್ಪಿದ್ದನ್ನ ಇಡೀ ಕೆಲಸಕ್ಕೆ ಆಗೋಷ್ಟು ಒಟ್ಟಿಗೆ ತಗೊಂಡು ಫ್ರೀಜರಲ್ಲಿಡಿ.

ಸಮುದ್ರದ ಮೀನಾದ್ರೆ ಅದರ ರಕ್ತದಲ್ಲಿ ಉಪ್ಪಿನಂಶ ಸಿಹಿನೀರಿನ ಮೀನಿಗಿಂತ ಸ್ವಲ್ಪ ಜಾಸ್ತಿ, ಮೀಡಿಯಂಗೆ ಸೋಡಿಯಂ ಕ್ಲೋರೈಡ್ ಚೂರು ಸೇರಿಸಿ ಆಸ್ಮೊಲಾರಿಟಿ ಏರಿಸ್ತಾರೆ. ಆದ್ರೆ ಎಷ್ಟೋ ಸಮುದ್ರದ ಮೀನಿನ ಸೆಲ್ ಮಾಮೂಲಿ ಎಲ್-15ರಲ್ಲೇ ಚೆನ್ನಾಗಿ ಬೆಳೆಯತ್ತೆ, ಮೊದಲು ಎರಡೂ ತರ ಹಾಕಿ ನೋಡಿ.

ಟೆಂಪರೇಚರ್ ಮೀನು ಬದುಕೋ ನೀರಿನ ಮೇಲೆ. ಟ್ರೌಟ್ ತರ ತಣ್ಣೀರಿನ ಮೀನಿಗೆ 15ರಿಂದ 20 ಡಿಗ್ರಿ, ಬೆಚ್ಚಗಿನ ನೀರಿನ ಮೀನಿಗೆ 25ರಿಂದ 30, ಹೆಚ್ಚಾಗಿ 28. 37 ಡಿಗ್ರಿಯಲ್ಲಿ ಇಡ್ಬೇಡಿ.

ಮೊದಲ ದಿನದ ಕೆಲಸ

ಬಯೋಸೇಫ್ಟಿ ಕ್ಯಾಬಿನೆಟ್ ಯುವಿ ಹಾಕಿ, ಆಲ್ಕೋಹಾಲಲ್ಲಿ ಒರೆಸಿ, ಬ್ಲೋವರ್ ಹಾಕಿ ಸ್ವಲ್ಪ ಹೊತ್ತು ಬಿಡಿ. ಮೀನಿಗೆ ಎಂಎಸ್-222 ಅರಿವಳಿಕೆ ಕೊಡಿ, ಇದು ನೀರನ್ನ ಆಸಿಡ್ ಮಾಡತ್ತೆ, ಹಾಗಾಗಿ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಪಿಎಚ್ ಸರಿ ಮಾಡಿದ ನೀರಲ್ಲೇ ಕೊಡಿ. ರೆಕ್ಕೆ ಮಾತ್ರ ಸಾಕಾದ್ರೆ ಮೀನು ಮಂಕಾಗೋಷ್ಟು ಡೋಸ್, ಒಳಗಿನ ಅಂಗ ಬೇಕಾದ್ರೆ ನೋವಿಲ್ದೆ ಸಾಯೋಷ್ಟು ಡೋಸ್ ಕೊಟ್ಟು ಕಿವಿರಿನ ಆಟ ಪೂರ್ತಿ ನಿಂತ್ಮೇಲೂ ಹತ್ತು ನಿಮಿಷ ಕಾಯ್ಬೇಕು.

ಹೊರಮೈನ 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒರೆಸಿ. ರೆಕ್ಕೆ ತಗೊಳೋದಾದ್ರೆ ಲೋಳೆ ಮೊದಲು ಸ್ಟೆರೈಲ್ ಹತ್ತಿಯಿಂದ ತೆಗೀರಿ, ಬ್ಯಾಕ್ಟೀರಿಯಾ ಮತ್ತು ಫಂಗಸ್ ಕೂತಿರೋದೇ ಆ ಲೋಳೆಯಲ್ಲಿ. ಕತ್ತರಿಸಿದ ತುಣುಕನ್ನ ಐದು ಪಟ್ಟು ಆಂಟಿಬಯೋಟಿಕ್ ಇರೋ, ಸೆಲ್ಲಿಗೆ ಹೊಂದೋ ಉಪ್ಪಿನ ದ್ರಾವಣವಾದ ಪಿಬಿಎಸ್‌ನಲ್ಲಿ ಹಾಕಿ, ಪ್ರತಿ ಸಲ ಹೊಸ ಪೆಟ್ರಿ ಡಿಶ್, ಹೊಸ ದ್ರಾವಣ, ಕಡಿಮೆ ಅಂದ್ರೂ ಮೂರು ಸಲ, ಒಂದೊಂದು ಸಲ ಐದರಿಂದ ಹತ್ತು ನಿಮಿಷ. ಇಲ್ಲಿ ಆತುರ ಪಟ್ಟು ಉಳಿಸೋ ಹತ್ತು ನಿಮಿಷಕ್ಕೆ ಮೂರನೇ ದಿನ ಫ್ಲಾಸ್ಕ್ ಪೂರ್ತಿ ಮೋಡದ ತರ ಆಗಿ ಕಸಕ್ಕೆ ಹೋಗತ್ತೆ.

ಆಮೇಲೆ ಕತ್ತರಿಸೋದು. ಎರಡು ಹೊಸ ಸರ್ಜಿಕಲ್ ಬ್ಲೇಡ್ ತಗೊಂಡು ಒಂದರಿಂದ ಹಿಡಿದು ಇನ್ನೊಂದರಿಂದ ಒಂದೇ ಏಟಿಗೆ ಕತ್ತರಿಸ್ಬೇಕು, ಗರಗಸದ ತರ ಎಳೆದಾಡಿದ್ರೆ ಅಂಚಿನ ಸೆಲ್ ಜಜ್ಜಿ ಹೋಗತ್ತೆ, ಸೆಲ್ ಹೊರಗೆ ಬರೋದೇ ಆ ಅಂಚಿಂದ. ಒಂದು ಮಿಲಿಮೀಟರ್ ಸೈಜು, ಅದಕ್ಕಿಂತ ದೊಡ್ಡದಾದ್ರೆ ನಡುವಿನ ಭಾಗಕ್ಕೆ ಆಹಾರ ತಲುಪಲ್ಲ. ಕತ್ತರಿಸುವಾಗ ಒಣಗಬಾರ್ದು, ಒಂದೆರಡು ಹನಿ ಮೀಡಿಯಂ ಮೇಲಿರ್ಲಿ.

25 ಚದರ ಸೆಂಟಿಮೀಟರ್ ಫ್ಲಾಸ್ಕಿನ ತಳಕ್ಕೆ ಸೀರಮ್ ತೆಳುವಾಗಿ ಸವರಿ, ಹದಿನೈದು ಇಪ್ಪತ್ತು ತುಣುಕು ದೂರ ದೂರ ಜೋಡಿಸಿ. ಈಗ ತುಣುಕು ಅಂಟ್ಕೊಬೇಕು. ಫ್ಲಾಸ್ಕನ್ನ ತಲೆಕೆಳಗು ಮಾಡಿ, ತುಣುಕು ಇರೋ ಮೈ ಮೇಲೆ ಬರ್ಲಿ, ಕೆಳಗಾದ ಮೈಗೆ ಒಂದೆರಡು ಮಿಲಿ ಮೀಡಿಯಂ ಹಾಕಿ ಹಾಗೇ ಕೆಲವು ಗಂಟೆ ಇಡಿ, ತೇವನೂ ಇರತ್ತೆ, ತುಣುಕೂ ತೇಲಿ ಹೋಗಲ್ಲ. ಆಮೇಲೆ ನಿಧಾನಕ್ಕೆ, ನಿಜವಾಗ್ಲೂ ನಿಧಾನಕ್ಕೆ, ತಿರುಗಿಸಿ. ಮರುದಿನ ಇನ್ನೂ ಮೂರು ಮಿಲಿ ಮೀಡಿಯಂ ಅಂಚಿಂದ ಇಳಿಸಿ.

ಟ್ರಿಪ್ಸಿನ್ ಅಥವಾ ಕೊಲಾಜಿನೇಸ್ ಹಾಕಿ ಅಂಗನ ಬಿಡಿ ಸೆಲ್ ಮಾಡಿ ಹಾಕೋ ವಿಧಾನನೂ ಇದೆ, ಕಿಡ್ನಿ ಸ್ಪ್ಲೀನಿಗೆ ಅದು ಚೆನ್ನಾಗಿ ಆಗತ್ತೆ, ಬೇಗನೂ ಸೆಲ್ ಸಿಗತ್ತೆ. ಆದ್ರೆ ಎನ್ಜೈಮ್ ಸ್ವಲ್ಪ ಹೆಚ್ಚಾದ್ರೂ ಸೆಲ್ ಹಾಳು, ರೆಕ್ಕೆಗೆ ತುಣುಕಿನ ವಿಧಾನವೇ ನನಗೆ ಇಷ್ಟ.

ಕಾಯೋ ದಿನಗಳು

ಮೊದಲ ಎರಡು ಮೂರು ದಿನ ಫ್ಲಾಸ್ಕ್ ಮುಟ್ಬೇಡಿ. ನೋಡ್ಬೇಕು ಅನ್ಸತ್ತೆ, ಎತ್ತಿ ಮೈಕ್ರೋಸ್ಕೋಪಿಗೆ ಇಡೋ ಹೊತ್ತಲ್ಲಿ ತುಣುಕು ಕಿತ್ಕೊಂಡು ತೇಲತ್ತೆ. ಮೀಡಿಯಂ ಕದಡಿದ್ಯಾ ಅಂತ ದೂರದಿಂದ ಕಣ್ಣಲ್ಲಿ ನೋಡಿದ್ರೆ ಸಾಕು.

ನಾಲ್ಕೈದು ದಿನ ಆದ್ಮೇಲೆ ಇನ್ವರ್ಟೆಡ್ ಮೈಕ್ರೋಸ್ಕೋಪಲ್ಲಿ ತುಣುಕಿನ ಅಂಚಿಗೆ ಫೋಕಸ್ ಮಾಡಿ. ತುಣುಕು ಕಪ್ಪಗೆ ದಪ್ಪಗೆ ಕಾಣತ್ತೆ, ಅಂಚಲ್ಲಿ ಮಾತ್ರ ಬೆಳಕು ಸ್ವಲ್ಪ ಒಳಗೆ ಬರತ್ತೆ, ಅಲ್ಲಿ ಮೊದಲು ಕಾಣೋದು ಒಂದಕ್ಕೊಂದು ಅಂಟಿದ ಬಹುಭುಜದ ಚಪ್ಪಟೆ ಸೆಲ್ಲುಗಳ ಹಾಳೆ, ಅದು ಎಪಿಥೀಲಿಯಲ್. ಕೆಲವು ದಿನ ಬಿಟ್ಟು ಅದರ ಆಚೆ ಉದ್ದ ಉದ್ದ, ಎರಡೂ ತುದಿ ಚೂಪಾದ ಸೆಲ್ ಹೊರಗೆ ಬರತ್ತೆ, ಇದು ಫೈಬ್ರೋಬ್ಲಾಸ್ಟ್, ದಟ್ಟ ಆದಾಗ ಹಿಂಡಿನ ಮೀನೆಲ್ಲ ಒಂದೇ ದಿಕ್ಕಿಗೆ ತಿರುಗಿದ ಹಾಗೆ ಸಾಲಾಗಿ ಕೂತ್ಕೊಳತ್ತೆ. ತುಂಬಿದ ಫ್ಲಾಸ್ಕಿನ ಸೆಲ್ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕೋ ಒಂದೊಂದು ಸಲಕ್ಕೂ ಪ್ಯಾಸೇಜ್ ಅಂತೀವಿ. ಪ್ಯಾಸೇಜ್ ಮುಂದೆ ಹೋದ ಹಾಗೆ ಹೆಚ್ಚಿನ ಲೈನಲ್ಲಿ ಫೈಬ್ರೋಬ್ಲಾಸ್ಟೇ ಗೆಲ್ಲೋದು, ಎಪಿಥೀಲಿಯಲ್ ಬೇಕಂದ್ರೆ ಮೊದಲ ಕೆಲವು ಪ್ಯಾಸೇಜಲ್ಲೇ ಬೇರೆ ಮಾಡ್ಬೇಕು.

ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ಮೀಡಿಯಂ ಮಾತ್ರ ಬದಲಾಯ್ಸಿ. ಪೂರ್ತಿ ತೆಗೆದ್ರೆ ಸೆಲ್ಲುಗಳೇ ಬಿಟ್ಟಿರೋ ಬೆಳವಣಿಗೆಯ ಅಂಶಗಳೂ ಹೋಗಿಬಿಡತ್ತೆ, ಸೆಲ್ ಕಡಿಮೆ ಇರೋ ಈ ಹಂತದಲ್ಲಿ ಅದು ತುಂಬಾ ಮುಖ್ಯ. ತೇಲ್ತಿರೋ ಸತ್ತ ತುಣುಕು ತೆಗೆದು ಹಾಕಿ. ಎರಡು ಮೂರು ವಾರಕ್ಕೆ ಮೊನೊಲೇಯರ್, ಅಂದ್ರೆ ತಳದ ಮೇಲೆ ಒಂದೇ ಪದರದ ಸೆಲ್, ತುಂಬ್ಬಹುದು, ತಿಂಗಳೂ ಹಿಡೀಬಹುದು.

ಬ್ಯಾಕ್ಟೀರಿಯಾ ಬಂದ್ರೆ ಮೀಡಿಯಂ ಕದಡಿ ಹಳದಿ ಆಗತ್ತೆ, ಫಂಗಸ್ ಬಂದ್ರೆ ದಾರದ ಎಳೆ ಕಾಣತ್ತೆ. ಎರಡಕ್ಕೂ ಒಂದೇ ಉತ್ತರ, ಮುಚ್ಚಳ ತೆಗೀದೆ ಆಟೋಕ್ಲೇವಿಗೆ (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲೋ ಯಂತ್ರ) ಕಳ್ಸಿ. ಆಂಟಿಬಯೋಟಿಕ್ ಸುರಿದು ಉಳಿಸೋಕೆ ಹೋಗ್ಬೇಡಿ, ಒಂದು ಫ್ಲಾಸ್ಕ್ ಉಳಿಸೋಕೆ ಹೋಗಿ ಇನ್‌ಕ್ಯುಬೇಟರಿನ ಎಲ್ಲಾ ಫ್ಲಾಸ್ಕೂ ಕಳ್ಕೊಬೇಕಾಗತ್ತೆ.

ಸಬ್‌ಕಲ್ಚರ್

ಹೆಚ್ಚಿನ ಕಲ್ಚರ್ ಸಾಯೋದು ಇಲ್ಲೇ, ಅದರಲ್ಲೂ ಮೊದಲ ಐದಾರು ಪ್ಯಾಸೇಜಲ್ಲಿ. ಎಂಬತ್ತು ತೊಂಬತ್ತು ಪರ್ಸೆಂಟ್ ತುಂಬಿದ್ಮೇಲೆ ಹಳೇ ಮೀಡಿಯಂ ಬಿಸಾಡ್ಬೇಡಿ, ಸೆಂಟ್ರಿಫ್ಯೂಜ್ ಮಾಡಿ ಫಿಲ್ಟರ್ ಮಾಡಿ ಇಟ್ಕೊಳಿ. ಕ್ಯಾಲ್ಸಿಯಂ ಮೆಗ್ನೀಶಿಯಂ ಇಲ್ಲದ ಪಿಬಿಎಸ್‌ನಲ್ಲಿ ಎರಡು ಸಲ ತೊಳೀರಿ, ಸೀರಮ್ ಉಳಿದ್ರೆ ಟ್ರಿಪ್ಸಿನ್ ಕೆಲಸ ಮಾಡಲ್ಲ. 0.25 ಪರ್ಸೆಂಟ್ ಟ್ರಿಪ್ಸಿನ್-ಇಡಿಟಿಎ ಒಂದು ಮಿಲಿ ಹಾಕಿ ಫ್ಲಾಸ್ಕನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ಕೊಂಡೇ ನೋಡ್ತಾ ಇರಿ. ಸೆಲ್ ಮಧ್ಯೆ ಗ್ಯಾಪ್ ಬರತ್ತೆ, ಆಮೇಲೆ ಅಂಚು ಹೊಳೆಯೋಕೆ ಶುರುವಾಗತ್ತೆ, ದುಂಡಗಾಗತ್ತೆ, ಆ ಕ್ಷಣ ಫ್ಲಾಸ್ಕ್ ಬದಿಗೆ ಅಂಗೈಲಿ ಮೆಲ್ಲಗೆ ತಟ್ಟಿದ್ರೆ ಹಾಳೆ ಜಾರಿದ ಹಾಗೆ ಬಿಡತ್ತೆ. ಮೀನಿನ ಸೆಲ್ ರೂಂ ಟೆಂಪರೇಚರಲ್ಲೇ ಒಂದರಿಂದ ಮೂರು ನಿಮಿಷದಲ್ಲಿ ಬರೋದು ಸಾಮಾನ್ಯ, ಟೈಮರ್ ನಂಬೋದಕ್ಕಿಂತ ಕಣ್ಣು ನಂಬಿ. ತಕ್ಷಣ ಸೀರಮ್ ಇರೋ ಮೀಡಿಯಂ ಹಾಕಿ ಟ್ರಿಪ್ಸಿನ್ ನಿಲ್ಲಿಸಿ, ಸೆಂಟ್ರಿಫ್ಯೂಜಲ್ಲಿ 200 ಜಿಯಲ್ಲಿ (ಗುರುತ್ವದ 200 ಪಟ್ಟು) ಐದು ನಿಮಿಷ ತಿರುಗಿಸಿ, ಅರ್ಧ ಹಳೇ ಮೀಡಿಯಂ ಅರ್ಧ ಹೊಸದು ಸೇರಿಸಿ ಹಾಕಿ.

ಒಂದು ಫ್ಲಾಸ್ಕನ್ನ ಎರಡು ಮಾಡಿ, ಮೂರು ನಾಲ್ಕು ಮಾಡೋ ಆಸೆ ಈಗ ಬೇಡ, ತೆಳುವಾಗಿ ಹಾಕಿದ ಸೆಲ್ ಬೆಳೆಯಲ್ಲ. ಮೊದಲ ಎರಡು ಮೂರು ಪ್ಯಾಸೇಜಲ್ಲಿ ತುಣುಕಿರೋ ತಾಯಿ ಫ್ಲಾಸ್ಕಿಗೂ ಹೊಸ ಮೀಡಿಯಂ ಹಾಕಿ ಇಟ್ಕೊಳಿ, ಅದರಿಂದ ಇನ್ನೊಂದು ಸುತ್ತು ಸೆಲ್ ಬರತ್ತೆ. ಹತ್ತು ಹದಿನೈದು ಪ್ಯಾಸೇಜ್ ದಾಟಿ ಒಂದೇ ವೇಗದಲ್ಲಿ ಬೆಳೀತಿದ್ರೆ ಸೀರಮ್ಮನ್ನ ನಿಧಾನಕ್ಕೆ 15ಕ್ಕೆ, ಆಮೇಲೆ 10ಕ್ಕೆ ಇಳಿಸಿ, ಆಂಟಿಬಯೋಟಿಕ್ಕೂ ತೆಗೀರಿ. ಆಂಟಿಬಯೋಟಿಕ್ ಇದ್ದಷ್ಟು ದಿನ ಸಣ್ಣ ಮಟ್ಟದ ಸೋಂಕು ಅಡಗಿ ಕೂತಿರತ್ತೆ.

ಮೀನಿನ ಸೆಲ್ಲಿನ ಒಂದು ದೊಡ್ಡ ಅನುಕೂಲ ಏನಂದ್ರೆ ಎಷ್ಟೋ ಮೀನಲ್ಲಿ ದೇಹದ ಸಾಮಾನ್ಯ ಅಂಗಗಳಲ್ಲೂ ಟೆಲೊಮರೇಸ್ (ಕ್ರೋಮೊಸೋಮಿನ ತುದಿ ಸವೆಯದ ಹಾಗೆ ನೋಡ್ಕೊಳೋ ಎನ್ಜೈಮ್) ಕೆಲಸ ಮಾಡ್ತಿರತ್ತೆ, ಅದಕ್ಕೇ ಇರ್ಬೇಕು ಯಾವ ವೈರಲ್ ಜೀನೂ ಹಾಕ್ದೆ ಅವು ತಾವಾಗೇ ಸಾವಿಲ್ಲದ ಲೈನ್ ಆಗೋದು. ಮನುಷ್ಯನ ಸೆಲ್ಲಲ್ಲಿ ಇದು ತುಂಬಾ ಅಪರೂಪ.

ಫ್ರೀಜ್ ಮಾಡೋದನ್ನ ಮುಂದೂಡ್ಬೇಡಿ

ಲೈನ್ ಪೂರ್ತಿ ರೆಡಿ ಆದ್ಮೇಲೆ ಫ್ರೀಜ್ ಮಾಡೋಣ ಅಂತ ಕೂತ್ರೆ ಒಂದು ಕರೆಂಟ್ ಹೋದ ರಾತ್ರಿಗೆ ಎಲ್ಲಾ ಮುಗಿಯತ್ತೆ. ಐದನೇ ಪ್ಯಾಸೇಜಿಂದ್ಲೇ ಶುರು ಮಾಡಿ, ಎರಡೇ ವೈಯಲ್ ಆದ್ರೂ ಸರಿ. ಮಿಲಿಗೆ 10 ಲಕ್ಷದಿಂದ 50 ಲಕ್ಷ ಸೆಲ್, ಐಸ್ ಹರಳಿಂದ ಸೆಲ್ ಕಾಪಾಡೋಕೆ 10 ಪರ್ಸೆಂಟ್ ಡಿಎಂಎಸ್‌ಓ, ಸೀರಮ್ 20 ಪರ್ಸೆಂಟಿಗಿಂತ ಕಡಿಮೆ ಬೇಡ. ನಿಮಿಷಕ್ಕೆ ಒಂದು ಡಿಗ್ರಿ ಇಳಿಯೋ ಫ್ರೀಜಿಂಗ್ ಡಬ್ಬಿಯಲ್ಲಿ ಮೈನಸ್ 80ಕ್ಕೆ ರಾತ್ರಿ ಇಟ್ಟು, ಮರುದಿನ ಲಿಕ್ವಿಡ್ ನೈಟ್ರೋಜನ್ನಿಗೆ. ಕೆಲವು ದಿನ ಬಿಟ್ಟು ಒಂದು ವೈಯಲ್ ತೆಗೆದು ಕರಗಿಸಿ ಟ್ರಿಪಾನ್ ಬ್ಲೂ ಹಾಕಿ ಎಣಿಸಿ, ಆಮೇಲೆ ಫ್ಲಾಸ್ಕಿಗೂ ಹಾಕಿ ಅಂಟ್ಕೊಳತ್ತಾ ನೋಡಿ, ಬದುಕಿದೆ ಅಂತ ಬಣ್ಣ ತೋರ್ಸಿದ ಸೆಲ್ಲೂ ಮರುದಿನ ಅಂಟ್ಕೊಳ್ದೇ ಇರ್ಬಹುದು. ನೈಟ್ರೋಜನ್ನಿಂದ ತೆಗೆಯುವಾಗ ಮುಖಕ್ಕೆ ಶೀಲ್ಡ್ ಹಾಕ್ಕೊಳಿ, ವೈಯಲ್ ಒಳಗೆ ದ್ರವ ಹೋಗಿದ್ರೆ ಸಿಡಿಯತ್ತೆ.

ಮಾಸ್ಟರ್ ಬ್ಯಾಂಕ್ ಬೇರೆ, ದಿನದ ಬಳಕೆಯ ಬ್ಯಾಂಕ್ ಬೇರೆ, ಸಾಧ್ಯ ಆದ್ರೆ ಎರಡು ಬೇರೆ ಕಟ್ಟಡದಲ್ಲಿ. ಲೇಬಲ್ ಮೇಲೆ ಲೈನಿನ ಹೆಸರು, ಪ್ಯಾಸೇಜ್ ನಂಬರ್, ತಾರೀಖು, ಯಾರು ಮಾಡಿದ್ದು, ನಾಲ್ಕೂ ಇರ್ಲಿ.

ಇದು ಯಾವ ಮೀನು ಅಂತ ಸಾಬೀತು ಮಾಡಿ

ಇಪಿಸಿ ಸೆಲ್ ಲೈನಿನ ಕಥೆ ಎಲ್ಲರಿಗೂ ಗೊತ್ತಿರ್ಬೇಕು. 1983ರಲ್ಲಿ ಇದನ್ನ ಸಾಮಾನ್ಯ ಕಾರ್ಪ್ ಮೀನಿನ ಚರ್ಮದ ಗಡ್ಡೆಯಿಂದ ಬಂದಿದ್ದು ಅಂತ ವರದಿ ಮಾಡಿದ್ರು, ಜಗತ್ತಿನ ಎಷ್ಟೋ ಲ್ಯಾಬು ಕಾರ್ಪ್ ಸೆಲ್ ಅಂತಾನೇ ದಶಕಗಳ ಕಾಲ ಬಳಸಿದ್ವು. 2010ರಲ್ಲಿ ಬೇರೆ ಬೇರೆ ಲ್ಯಾಬಿನ ಇಪಿಸಿಯ ಡಿಎನ್‌ಎ ನೋಡಿ ಅದು ಫ್ಯಾಟ್‌ಹೆಡ್ ಮಿನ್ನೊ ಅನ್ನೋ ಬೇರೇನೇ ಮೀನಿನ ಸೆಲ್ ಅಂತ ಪ್ರಕಟ ಮಾಡಿದ್ರು. ವೈರಸ್ ಬೆಳೆಸೋಕೆ ಅದು ಈಗ್ಲೂ ಒಳ್ಳೇ ಲೈನೇ, ಆದ್ರೆ ಕಾರ್ಪ್ ಮೀನಿನ ಸೆಲ್ ವೈರಸ್ಸಿಗೆ ಹೀಗೆ ಪ್ರತಿಕ್ರಿಯೆ ಕೊಡತ್ತೆ ಅಂತ ಅದರ ಮೇಲೆ ಬರೆದಿದ್ದನ್ನೆಲ್ಲ ಮತ್ತೆ ಯೋಚನೆ ಮಾಡ್ಬೇಕಾಯ್ತು.

ನೀವು ಮಾಡ್ಬೇಕಾದ್ದು ಕಷ್ಟದ್ದೇನಲ್ಲ. ಸೆಲ್ಲಿಂದ ಡಿಎನ್‌ಎ ತೆಗೆದು ಜಾತಿ ಗುರುತಿಸೋಕೆ ಬಳಸೋ, ಮೈಟೊಕಾಂಡ್ರಿಯಾದ ಸಿಓಐ ಜೀನಿನ ಸುಮಾರು 650 ಬೇಸ್ ಭಾಗ ಸೀಕ್ವೆನ್ಸ್ ಮಾಡ್ಸಿ, ಜೊತೆಗೆ ಅದೇ ಕೆಲಸಕ್ಕೆ ಬರೋ 16ಎಸ್ ಜೀನ್ ಕೂಡ. ಹೋಲಿಸೋಕೆ ಡೇಟಾಬೇಸ್ ಸಾಲ್ದು, ಅಂಗ ಕೊಟ್ಟ ಅದೇ ಮೀನಿನ ರೆಕ್ಕೆಯ ಚೂರನ್ನ ಮೊದಲ ದಿನವೇ ಆಲ್ಕೋಹಾಲಲ್ಲಿ ಹಾಕಿ ಎತ್ತಿಟ್ಟಿರ್ಬೇಕು. ಪ್ರತಿ ಇಪ್ಪತ್ತು ಪ್ಯಾಸೇಜಿಗೊಮ್ಮೆ ಮತ್ತೆ ಚೆಕ್ ಮಾಡಿ. ಹುಡ್ಡಿನಲ್ಲಿ, ಅಂದ್ರೆ ಬಯೋಸೇಫ್ಟಿ ಕ್ಯಾಬಿನೆಟ್ಟಲ್ಲಿ, ಒಂದು ಸಮಯಕ್ಕೆ ಒಂದೇ ಲೈನ್ ಇರ್ಲಿ, ಒಂದೊಂದು ಲೈನಿಗೆ ಬೇರೆ ಮೀಡಿಯಂ ಬಾಟಲಿ. ಬೇಗ ಬೆಳೆಯೋ ಸೆಲ್ ಒಂದು ಹನಿಯಲ್ಲಿ ಬಂದು ಸೇರಿದ್ರೂ ಕೆಲವೇ ಪ್ಯಾಸೇಜಲ್ಲಿ ಇಡೀ ಫ್ಲಾಸ್ಕ್ ಅದರದ್ದೇ.

ಕ್ರೋಮೊಸೋಮ್ ಎಣಿಕೆನೂ ಮಾಡಿ: ಕಾಲ್ಚಿಸಿನ್ ಹಾಕಿ ವಿಭಜನೆ ನಿಲ್ಲಿಸಿ, 0.075 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡಲ್ಲಿ ಸೆಲ್ ಉಬ್ಬಿಸಿ, ಮೂರು ಭಾಗ ಮೆಥನಾಲ್ ಒಂದು ಭಾಗ ಅಸಿಟಿಕ್ ಆಸಿಡಲ್ಲಿ ಫಿಕ್ಸ್ ಮಾಡಿ, ಸ್ಲೈಡಿಗೆ ಹನಿಸಿ ಗಿಮ್ಸಾ ಬಣ್ಣ. ನೂರು ಸೆಲ್ ಆದ್ರೂ ಎಣಿಸಿ. ನೈಲ್ ಟಿಲಾಪಿಯಾ ಆದ್ರೆ 44, ಝೀಬ್ರಾಫಿಶ್ ಆದ್ರೆ 50, ಸಾಮಾನ್ಯ ಕಾರ್ಪಾದ್ರೆ 100 ಹೆಚ್ಚಿನ ಸೆಲ್ಲಲ್ಲಿ ಬರ್ಬೇಕು. ಪ್ಯಾಸೇಜ್ ಜಾಸ್ತಿ ಆದ ಹಾಗೆ ಎಣಿಕೆ ಚದುರೋದು ಸಹಜ, ಮುಚ್ಚಿಡದೆ ಬರೀರಿ.

ಮೈಕೊಪ್ಲಾಸ್ಮಾ ಕಣ್ಣಿಗೂ ಕಾಣಲ್ಲ, ಮೀಡಿಯಂನೂ ಕದಡಲ್ಲ, ಸೆಲ್ ಗೋಡೆ ಇಲ್ದಿರೋದ್ರಿಂದ ಪೆನಿಸಿಲಿನ್ನಿಗೂ ಸಾಯಲ್ಲ. ಸೆಲ್ ನಿಧಾನ ಆಗತ್ತೆ, ವೈರಸ್ ರಿಸಲ್ಟ್ ಒಂದೊಂದು ಸಲ ಒಂದೊಂದು ತರ ಬರತ್ತೆ. ಪಿಸಿಆರ್ ಮತ್ತು ಡಿಎನ್‌ಎಗೆ ಹತ್ತೋ ಹೋಕ್ಸ್ಟ್ ಬಣ್ಣ ಎರಡನ್ನೂ ನಿಯಮಿತವಾಗಿ ಮಾಡಿ. ಅಡಗಿರೋ ವೈರಸ್ಸಿಗೂ ನೋಡಿ, ಎಸ್‌ಎಸ್‌ಎನ್-1 ಲೈನಲ್ಲಿ ಸ್ನೇಕ್‌ಹೆಡ್ ಮೀನಿನ ಒಂದು ರೆಟ್ರೊವೈರಸ್ ಸದಾ ಇರತ್ತೆ, ಅದು ಗೊತ್ತಿರೋದ್ರಿಂದ ಬಳಸೋರು ಅದನ್ನ ಲೆಕ್ಕದಲ್ಲಿ ಇಟ್ಕೊಂಡು ಬಳಸ್ತಾರೆ.

ಬೆಳವಣಿಗೆ ಕರ್ವ್ ಬೇಗ ಮುಗಿಯೋ ಕೆಲಸ: ಬೇರೆ ಬೇರೆ ಟೆಂಪರೇಚರ್, ಬೇರೆ ಬೇರೆ ಸೀರಮ್ ಪ್ರಮಾಣ, ಒಂದು ವಾರ ದಿನಾ ಎಣಿಸಿ. ಸೆಲ್ ತರ ಯಾವುದು ಅಂತ ಹೇಳೋಕೆ ಸೈಟೊಕೆರಾಟಿನ್ (ಎಪಿಥೀಲಿಯಲ್ ಗುರುತು), ವಿಮೆಂಟಿನ್ (ಫೈಬ್ರೋಬ್ಲಾಸ್ಟ್ ಗುರುತು) ಆ್ಯಂಟಿಬಾಡಿ. ಜಿಎಫ್‌ಪಿ ಪ್ಲಾಸ್ಮಿಡ್ (ಹಸಿರು ಹೊಳೆಯೋ ಪ್ರೋಟೀನಿನ ಜೀನ್ ಇರೋ ಡಿಎನ್‌ಎ ತುಂಡು) ಹಾಕಿ ಹಸಿರು ಹೊಳೆದ್ರೆ ಜೀನ್ ಕೆಲಸಕ್ಕೂ ಆಗತ್ತೆ ಅಂತ ಅರ್ಥ.

ಕೊನೆಗೆ ವೈರಸ್

ವೈರಸ್ ಕೆಲಸಕ್ಕೆ ಬೇರೆ ರೂಂ, ಬೇರೆ ಹುಡ್, ಬೇರೆ ಇನ್‌ಕ್ಯುಬೇಟರ್, ಬೇರೆ ಕೋಟು. ಇದರಲ್ಲಿ ರಾಜಿ ಇಲ್ಲ. ವೈರಸ್ ರೂಮಿಗೆ ಹೋದ ಸೆಲ್ ವಾಪಸ್ ಸೆಲ್ ರೂಮಿಗೆ ಬರ್ಬಾರ್ದು.

ರೋಗ ಬಂದ ಮೀನಿನ ಅಂಗ ಒಂದು ಭಾಗಕ್ಕೆ ಒಂಬತ್ತು ಭಾಗ ಮೀಡಿಯಂ ಹಾಕಿ ಐಸ್ ಮೇಲೆ ಅರೆಯಿರಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನ 0.45 ಮೈಕ್ರಾನ್ ಫಿಲ್ಟರಲ್ಲಿ ಸೋಸಿ. 0.22ಲ್ಲೂ ಸೋಸ್ತಾರೆ, ಆದ್ರೆ ದೊಡ್ಡ ವೈರಸ್ಸಾದ್ರೆ ಸ್ವಲ್ಪ ಅಲ್ಲೇ ಉಳಿದುಬಿಡತ್ತೆ. ಹಿಂದಿನ ದಿನ ಹಾಕಿದ, ಎಂಬತ್ತು ಪರ್ಸೆಂಟ್ ತುಂಬಿದ ಎಳೇ ಮೊನೊಲೇಯರ್ ತಗೊಳಿ, ಮೀಡಿಯಂ ತೆಗೆದು ಸ್ಯಾಂಪಲ್ ಹಾಕಿ ಒಂದು ಗಂಟೆ ಅಂಟ್ಕೊಳೋಕೆ ಬಿಡಿ, ಆಮೇಲೆ 2 ಪರ್ಸೆಂಟ್ ಸೀರಮ್ ಮೀಡಿಯಂ. ಆರೋಗ್ಯವಾದ ಮೀನಿನ ಅಂಗದಿಂದ ಅದೇ ತರ ಮಾಡಿದ ಸ್ಯಾಂಪಲ್ಲಿನ ಫ್ಲಾಸ್ಕ್ ಒಂದು, ಏನೂ ಹಾಕ್ದಿರೋ ಫ್ಲಾಸ್ಕ್ ಒಂದು, ಎರಡೂ ಕಂಟ್ರೋಲ್ ಬೇಕು, ಅರೆದ ಅಂಗದ ವಿಷಕ್ಕೇ ಸೆಲ್ ಸಾಯೋದುಂಟು, ಅದನ್ನ ವೈರಸ್ ಅಂದ್ಕೊಬಾರ್ದು.

ಇಲ್ಲಿ ಟೆಂಪರೇಚರ್ ವೈರಸ್ಸಿಗೆ ಹೊಂದ್ಬೇಕು, ಸೆಲ್ಲಿಗಲ್ಲ. ಕೊಯ್ ಹರ್ಪಿಸ್ 15ರಿಂದ 25 ಡಿಗ್ರಿಯಲ್ಲಿ ಬೆಳೆಯತ್ತೆ, 30ರಲ್ಲಿ ಬೆಳೆಯಲ್ಲ. ನರ್ವಸ್ ನೆಕ್ರೋಸಿಸ್ ವೈರಸ್ಸಲ್ಲಿ ಬೆಚ್ಚಗಿನ ನೀರಿನ ಗ್ರೂಪರ್ ತಳಿ 25ರಿಂದ 30, ತಣ್ಣೀರಿನ ಬಾರ್ಫಿನ್ ಫ್ಲೌಂಡರ್ ತಳಿ 15ರಿಂದ 20. ಒಂದೇ ಟೆಂಪರೇಚರಲ್ಲಿ ಇಟ್ಟು ಬೆಳೆಯಲ್ಲ ಅಂತ ಕೈಬಿಡ್ಬೇಡಿ.

ದಿನಾ ನೋಡಿ. ಸೆಲ್ ಮೇಲೆ ವೈರಸ್ ಮಾಡೋ ಹಾನಿಗೆ ಸಿಪಿಇ ಅಂತೀವಿ, ಪ್ರತಿ ವೈರಸ್ಸಿಗೂ ಅದು ಬೇರೆ. ನರ್ವಸ್ ನೆಕ್ರೋಸಿಸ್ ವೈರಸ್ಸಲ್ಲಿ ಸೆಲ್ ಒಳಗೆ ಗುಳ್ಳೆ ಗುಳ್ಳೆ, ಅಕ್ವಾರಿಯೊವೈರಸ್ಸಲ್ಲಿ ಹಲವು ಸೆಲ್ ಕೂಡ್ಕೊಂಡು ದೊಡ್ಡ ಸಿನ್ಸಿಟಿಯಂ, ರ‍್ಯಾಬ್ಡೋದಲ್ಲಿ ಸೆಲ್ ದುಂಡಗಾಗಿ ಕಿತ್ಕೊಂಡು ಹೋಗೋದು. ವಾರ ಆದ್ರೂ ಏನೂ ಇಲ್ಲ ಅಂದ್ರೆ ಫ್ಲಾಸ್ಕನ್ನ ಫ್ರೀಜ್ ಮಾಡಿ ಕರಗಿಸಿ, ಆ ದ್ರವನ ಹೊಸ ಸೆಲ್ಲಿಗೆ ಹಾಕಿ ಇನ್ನೊಂದು ವಾರ ನೋಡಿ, ಇದೇ ಬ್ಲೈಂಡ್ ಪ್ಯಾಸೇಜ್. ಹೊಸ ಲೈನಿಗೆ ಎರಡು ಮೂರು ಬ್ಲೈಂಡ್ ಪ್ಯಾಸೇಜ್ ಕೊಡೋದು ನ್ಯಾಯ.

ಸಿಪಿಇ ಬಂದ್ರೆ ಎಷ್ಟು ವೈರಸ್ ಅಂತ ಅಳೀಬೇಕು, ಅದಕ್ಕೆ ಟಿಸಿಐಡಿ-50, ಅಂದ್ರೆ ಅರ್ಧದಷ್ಟು ಬಾವಿಗಳಿಗೆ ಸೋಂಕು ತರೋ ವೈರಸ್ ಪ್ರಮಾಣ. 96 ಬಾವಿ ಪ್ಲೇಟಲ್ಲಿ ಹತ್ತು ಹತ್ತು ಪಟ್ಟು ತೆಳು ಮಾಡ್ತಾ ಪ್ರತಿ ಡೈಲ್ಯೂಶನ್ನಿಗೆ ಎಂಟು ಬಾವಿ, ಒಂದೊಂದಕ್ಕೆ 0.1 ಮಿಲಿ. ಪ್ಲೇಟಿನ ಮೇಲೆ ಸೀಲಿಂಗ್ ಹಾಳೆ ಅಂಟಿಸಿ, ಇಲ್ದಿದ್ರೆ ಅಂಚಿನ ಬಾವಿ ಒಣಗತ್ತೆ. ಲೆಕ್ಕ ಹೀಗೆ: ಹತ್ತು ಸಾವಿರಕ್ಕೆ ಒಂದು ಡೈಲ್ಯೂಶನ್ನಲ್ಲಿ ಎಂಟಕ್ಕೆ ಎಂಟೂ ಪಾಸಿಟಿವ್, ಲಕ್ಷಕ್ಕೆ ಒಂದರಲ್ಲಿ ಆರು, ಹತ್ತು ಲಕ್ಷಕ್ಕೆ ಒಂದರಲ್ಲಿ ಒಂದು, ಕೋಟಿಗೆ ಒಂದರಲ್ಲಿ ಸೊನ್ನೆ ಅಂದ್ಕೊಳಿ. ಸ್ಪಿಯರ್‌ಮನ್-ಕಾರ್ಬರ್ ವಿಧಾನದಲ್ಲಿ ಎಲ್ಲಾ ಪಾಸಿಟಿವ್ ಆದ ಕೊನೇ ಡೈಲ್ಯೂಶನ್ನಿನ ಲಾಗ್ 4, ಅದರಿಂದ 0.5 ಕಳೀರಿ, ಅಲ್ಲಿಂದ ಮುಂದಿನ ಪಾಸಿಟಿವ್ ಪಾಲುಗಳಾದ 1, 0.75, 0.125 ಕೂಡಿಸಿ, ಬಂದಿದ್ದು 5.375. ಇದು 0.1 ಮಿಲಿಗೆ, ಮಿಲಿಗೆ ಬೇಕಂದ್ರೆ 1 ಕೂಡಿಸಿ, 6.375, ಅಂದ್ರೆ ಮಿಲಿಗೆ ಸುಮಾರು 24 ಲಕ್ಷ.

ಸಿಪಿಇ ನೋಡಿದ ಮಾತ್ರಕ್ಕೆ ವೈರಸ್ ಅಂತ ಬರೀಬೇಡಿ. ಫ್ಲಾಸ್ಕಿನ ದ್ರವಕ್ಕೆ ಪಿಸಿಆರ್, ಸೀಕ್ವೆನ್ಸಿಂಗ್, ಸಾಧ್ಯ ಆದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಸೆಲ್ ಒಳಗಿನ ವೈರಸ್ ಕಣ, ಮತ್ತೆ ಒಪ್ಪಿಗೆ ಇದ್ರೆ ಕಲ್ಚರಿನ ವೈರಸ್ಸನ್ನ ಆರೋಗ್ಯದ ಮೀನಿಗೆ ಕೊಟ್ಟು ಅದೇ ರೋಗ ಬರತ್ತಾ, ಅದರಿಂದ ಅದೇ ವೈರಸ್ ವಾಪಸ್ ಸಿಗತ್ತಾ ನೋಡೋದು. ಪ್ಯಾಸೇಜಿಂದ ಪ್ಯಾಸೇಜಿಗೆ ಟೈಟರ್, ಅಂದ್ರೆ ಹೀಗೆ ಅಳೆದ ವೈರಸ್ ಪ್ರಮಾಣ, ಏರ್ತಿದ್ರೆ ಅಥವಾ ಅಷ್ಟೇ ಉಳಿದ್ರೆ ಲೈನ್ ನಿಜವಾಗ್ಲೂ ವೈರಸ್ ಬೆಳೆಸ್ತಿದೆ, ಪ್ರತಿ ಸಲ ಇಳೀತಾ ಹೋದ್ರೆ ನೀವು ಮೊದಲು ಹಾಕಿದ ವೈರಸ್ಸೇ ತೆಳುವಾಗ್ತಿದೆ ಅಷ್ಟೇ.

ವೈರಸ್ ಮುಟ್ಟಿದ ಪ್ರತಿ ಫ್ಲಾಸ್ಕ್, ಪ್ಲೇಟ್, ಮೀನಿನ ಅಂಗ 121 ಡಿಗ್ರಿ ಆಟೋಕ್ಲೇವ್ ಆಗ್ಲೇಬೇಕು, ಲ್ಯಾಬಿನ ನೀರು ಹೊರಗಿನ ಯಾವ ಕೊಳಕ್ಕೂ ಹಾಗೇ ಹರೀಬಾರ್ದು. ವೈರಸ್ ಯಾವುದೂ ಬೆಳೀಲಿಲ್ಲ ಅಂದ್ರೂ ಫಲಿತಾಂಶ ಪ್ರಕಟ ಮಾಡಿ, ಯಾವ ಲೈನಲ್ಲಿ ಯಾವ ವೈರಸ್ ಬೆಳೆಯಲ್ಲ ಅನ್ನೋದೂ ಮುಂದಿನವರಿಗೆ ಬೇಕಾದ ಮಾಹಿತಿ. ಸೆಲ್ಲಿನ ಹತ್ತಾರು ವೈಯಲನ್ನ ಸಿಓಐ ಸೀಕ್ವೆನ್ಸ್, ಮೈಕೊಪ್ಲಾಸ್ಮಾ ರಿಪೋರ್ಟ್, ಪ್ಯಾಸೇಜ್ ದಾಖಲೆ ಜೊತೆ ಒಂದು ಸಾರ್ವಜನಿಕ ಸೆಲ್ ಬ್ಯಾಂಕಿಗೆ ಕೊಡಿ, ಮಾಡಿದ ಲ್ಯಾಬ್ ಮುಚ್ಚಿದ್ರೂ ಲೈನ್ ಉಳಿಯತ್ತೆ.